ನೆಲ ಕೂರುವ ಪರಿ

ಮನೆ ಕಟ್ಟಿಸಿದವರಿಗೆಲ್ಲ ಮೇಸ್ತ್ರಿಯ ಒಂದು ಮಾತು ಪರಿಚಿತವಾಗಿರುತ್ತದೆ. ಹೊಸ ಗೋಡೆಯಲ್ಲಿ ಕೂದಲೆಳೆಯಷ್ಟು ಸೀಳು ಕಾಣಿಸಿಕೊಂಡಾಗ ಅವನು ಅದರ ಮೇಲೆ ಬೆರಳಾಡಿಸಿ, ‘ಪಾಯ ಸ್ವಲ್ಪ ಕೂತಿದೆ, ಸ್ವಾಮಿ’ ಎನ್ನುತ್ತಾನೆ. ಕುಸಿದಿದೆ ಎನ್ನುವುದಿಲ್ಲ, ಕೂತಿದೆ ಎನ್ನುತ್ತಾನೆ. ಈ ಎರಡು ಕ್ರಿಯಾಪದಗಳ ನಡುವೆ ಇರುವ ಅಂತರ ಬಹಳ ದೊಡ್ಡದು. ಕುಸಿಯುವುದು ಒಂದು ಗಳಿಗೆಯ ಅನಾಹುತ. ಕೂರುವುದು ನಿಧಾನದ ಕೆಲಸ, ದಣಿದವನು ಜಗಲಿಯ ಮೇಲೆ ಮೈಯ ಭಾರವನ್ನು ಮೆಲ್ಲಮೆಲ್ಲನೆ ಇಳಿಬಿಟ್ಟಂತೆ. ಇದೇ ಕ್ರಿಯೆಗೆ ಇಂಗ್ಲಿಷಿನಲ್ಲಿ ಎಂಜಿನಿಯರರು ‘ಸೆಟ್ಲ್‌ಮೆಂಟ್’ ಎನ್ನುತ್ತಾರೆ. ಆ ಪದದ ಹುಟ್ಟೂ ಪೀಠ, ಆಸನ ಎಂಬ ಅರ್ಥದ ಹಳೆಯ ಮಾತಿನಲ್ಲಿಯೇ ಇದೆ. ಎರಡು ದೂರದ ನುಡಿಗಳು ಒಂದೇ ಅನುಭವವನ್ನು ಒಂದೇ ಬಗೆಯಲ್ಲಿ ಕಂಡಿವೆ.

ನನ್ನ ವೃತ್ತಿ ಕನ್ನಡ ಪಾಠ ಹೇಳುವುದಾಗಿತ್ತು. ಆದರೂ ಈ ಕೂರುವಿಕೆಯ ವಿಷಯ ಹಲವು ವರ್ಷಗಳಿಂದ ನನ್ನ ಮನಸ್ಸನ್ನು ಹಿಡಿದಿದೆ. ನನ್ನಿಂದ ಕನ್ನಡ ಕಲಿತು ಮುಂದೆ ಎಂಜಿನಿಯರರಾದ ಕೆಲವರು ತಂದುಕೊಟ್ಟ ಪುಸ್ತಕಗಳನ್ನು ಓದಿ, ಅವರನ್ನು ಕಾಡಿ ಕೇಳಿ, ನಾನು ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುವ ಪ್ರಯತ್ನ ಇದು. ಇದಕ್ಕೆ ಒಂದು ಲೌಕಿಕವಾದ ಕಾರಣವೂ ಉಂಟು. ಇಂದು ನಮ್ಮ ಪಟ್ಟಣಗಳ ಮಧ್ಯಮ ವರ್ಗದವರು ಜೀವಮಾನದ ಉಳಿತಾಯವನ್ನು ಸುರಿದು ಬಹುಮಹಡಿ ಕಟ್ಟಡಗಳಲ್ಲಿ ಮನೆ ಕೊಳ್ಳುತ್ತಿದ್ದಾರೆ. ನೆಲ ಮೆತ್ತಗಿದೆಯಲ್ಲ ಎಂದು ಯಾರಾದರೂ ಸಂದೇಹಪಟ್ಟರೆ, ‘ಪೈಲಿಂಗ್ ಮಾಡಿದ್ದೇವೆ, ಯೋಚನೆ ಬೇಡ’ ಎಂಬ ಉತ್ತರ ಬರುತ್ತದೆ. ಕೇಳಿದವರು ಸುಮ್ಮನಾಗುತ್ತಾರೆ. ಆ ಅಭಯವಚನದ ಅರ್ಥವೇನು, ಅದು ಎಲ್ಲಿಯವರೆಗೆ ನಿಜ, ಎಲ್ಲಿಂದಾಚೆಗೆ ನಿಜವಲ್ಲ ಎಂಬುದನ್ನು ನೋಡೋಣ.

ಮೊದಲು ಪೈಲು ಎಂದರೇನು? ಕಟ್ಟಡದ ಕೆಳಗಿನ ಕಟ್ಟಡಕ್ಕೆ ನಮ್ಮಲ್ಲಿ ಪದಗಳ ಕೊರತೆಯಿಲ್ಲ. ಅಡಿಪಾಯ, ತಳಹದಿ, ಪಂಚಾಂಗ, ಪಾರಸಿಯಿಂದ ಬಂದ ಬುನಾದಿ, ಎಲ್ಲವೂ ಬಳಕೆಯಲ್ಲಿವೆ. ಇವೆಲ್ಲದರ ಹಿಂದಿನ ಕಲ್ಪನೆ ಒಂದೇ: ಗೋಡೆಗಿಂತ ಅಗಲವಾದ ಪಾದವನ್ನು ಮಾಡಿ, ಭಾರವನ್ನು ಹರಡಿ, ನೆಲದ ಮೇಲಿಡುವುದು. ಮೇಲಿನ ಮಣ್ಣು ಗಟ್ಟಿಯಾಗಿದ್ದರೆ ಇಷ್ಟು ಸಾಕು. ನದೀಮುಖಗಳಲ್ಲಿ, ಕಡಲಂಚಿನಲ್ಲಿ, ಬತ್ತಿದ ಸರೋವರಗಳ ತಳದಲ್ಲಿ ಇಷ್ಟು ಸಾಲದು. ಅಲ್ಲಿ ಹತ್ತಾರು ಮೀಟರು ಆಳದವರೆಗೆ ಬೆಣ್ಣೆಯಂಥ ಜೇಡಿಮಣ್ಣು ಇರಬಹುದು. ಅಂಥಲ್ಲಿ ಮರದ, ಉಕ್ಕಿನ ಅಥವಾ ಕಾಂಕ್ರೀಟಿನ ಉದ್ದನೆಯ ಕಂಬಗಳನ್ನು ನೆಲದೊಳಕ್ಕೆ ಇಳಿಸಿ, ಅವುಗಳ ತಲೆಗಳನ್ನು ದಪ್ಪನಾದ ಹಾಸಿನಿಂದ ಬಿಗಿದು, ಅದರ ಮೇಲೆ ಕಟ್ಟಡವನ್ನು ನಿಲ್ಲಿಸುತ್ತಾರೆ. ಈ ನೆಲದೊಳಗಿನ ಕಂಬವೇ ಪೈಲು. ಉಪಾಯ ಬಹಳ ಹಳೆಯದು. ಆಮ್‌ಸ್ಟರ್‌ಡಾಮಿನಲ್ಲಿ ೧೬೪೮ರಲ್ಲಿ ಕಟ್ಟಲು ತೊಡಗಿದ ಪುರಭವನ, ಇಂದಿನ ಅರಮನೆ, ೧೩,೬೫೯ ಮರದ ಪೈಲುಗಳ ಮೇಲೆ ನಿಂತಿದೆ ಎಂಬ ಲೆಕ್ಕವನ್ನು ಆ ಊರಿನ ಮಕ್ಕಳೂ ಬಾಯಿಪಾಠ ಹೇಳುತ್ತಾರಂತೆ.

ಪೈಲು ಎರಡು ಬಗೆಯಲ್ಲಿ ಭಾರ ಹೊರುತ್ತದೆ. ಅದರ ತುದಿ ಬಂಡೆಯನ್ನೋ ಗಟ್ಟಿ ಮರಳನ್ನೋ ಮುಟ್ಟಿದ್ದರೆ ಊರುಗೋಲಿನಂತೆ ತುದಿಯ ಮೇಲೆ ನಿಲ್ಲುತ್ತದೆ. ಹಾಗೆ ಗಟ್ಟಿ ನೆಲ ಸಿಗದಿದ್ದರೆ ಪಕ್ಕೆಯ ಘರ್ಷಣೆಯಿಂದ ನಿಲ್ಲುತ್ತದೆ. ಗದ್ದೆಯ ಕೆಸರಿನಲ್ಲಿ ಬಿದಿರಿನ ಗಳುವನ್ನು ಚುಚ್ಚಿದವರಿಗೆ ಇದು ಗೊತ್ತು. ಮೊದಲ ಮೊಳ ಸರಾಗವಾಗಿ ಇಳಿಯುತ್ತದೆ. ಇಳಿದಷ್ಟೂ ಕೆಸರು ಅದರ ಮೈಯನ್ನು ತಬ್ಬಿಕೊಳ್ಳುತ್ತದೆ, ಮತ್ತೆ ಇಳಿಸುವುದೂ ಕಷ್ಟ, ಕೀಳುವುದೂ ಕಷ್ಟ. ಜೇಡಿಮಣ್ಣಿನಲ್ಲಿ ಬಡಿದ ಪೈಲು ಅಂದಿಗಿಂತ ಕೆಲವು ವಾರಗಳ ಬಳಿಕ ಹೆಚ್ಚು ಭಾರ ಹೊರಬಲ್ಲುದು. ಬಡಿತದಿಂದ ಕಲಕಿಹೋದ ಮಣ್ಣು ಅಷ್ಟರೊಳಗೆ ಮತ್ತೆ ಬಿಗಿದುಕೊಂಡು ಪೈಲನ್ನು ಅಪ್ಪಿರುತ್ತದೆ.

ಇಲ್ಲಿಯವರೆಗೆ ಎಲ್ಲವೂ ಅಭಯವಚನದ ಪರವಾಗಿಯೇ ಇದೆ. ತೊಡಕು ಇರುವುದು ಜೇಡಿಮಣ್ಣಿನ ಸ್ವಭಾವದಲ್ಲಿ. ಮರಳಿನ ಮೇಲೆ ಭಾರವಿಟ್ಟರೆ ಅದು ಎಷ್ಟು ಕೂರಬೇಕೋ ಅಷ್ಟನ್ನು ಹೆಚ್ಚುಕಡಿಮೆ ಅಂದೇ ಕೂತು ಮುಗಿಸುತ್ತದೆ. ಜೇಡಿ ಹಾಗಲ್ಲ. ಶ್ರೀಖಂಡ ಮಾಡುವ ಮನೆಯಲ್ಲಿ ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಹಾಕುವುದನ್ನು ನೀವು ಕಂಡಿರಬಹುದು. ನೀರು ತೊಟ್ಟುತೊಟ್ಟಾಗಿ ಇಳಿಯುತ್ತದೆ. ರಾತ್ರಿ ತೆಂಗಿನಕಾಯಿಯಷ್ಟಿದ್ದ ಗಂಟು ಬೆಳಗಾಗುವುದರೊಳಗೆ ಕುಗ್ಗಿ ಮುಷ್ಟಿಯಷ್ಟಾಗಿರುತ್ತದೆ. ಕೈಯಿಂದ ಎಷ್ಟು ಅವಸರವಾಗಿ ಹಿಂಡಿದರೂ ನೀರು ತನ್ನ ಗತಿಯಲ್ಲಿಯೇ ಹೊರಗೆ ಬರುತ್ತದೆ. ಮೆತ್ತನೆಯ ಜೇಡಿಯೂ ಇಂಥದೇ ಒಂದು ಗಂಟು. ಅದರ ಕಣಗಳು ಬರಿಗಣ್ಣಿಗೆ ಕಾಣದಷ್ಟು ಸಣ್ಣವು, ಅವುಗಳ ನಡುವಿನ ಸಂದುಗಳ ತುಂಬ ನೀರು. ಮೇಲೆ ಭಾರ ಬಿದ್ದಾಗ ಮೊದಲು ಆ ಭಾರವನ್ನು ಹೊರುವುದು ಮಣ್ಣಲ್ಲ, ಸಂದಿನ ನೀರು. ಒತ್ತಡಕ್ಕೆ ಸಿಕ್ಕಿದ ನೀರು ಹೊರದಾರಿ ಹುಡುಕಿಕೊಂಡು ಮೆಲ್ಲಗೆ ಸರಿಯುತ್ತದೆ. ಅದು ಸರಿದಷ್ಟೂ ಭಾರ ಕಣಗಳ ಮೇಲೆ ಬೀಳುತ್ತದೆ, ಕಣಗಳು ಒತ್ತಾಗುತ್ತವೆ, ನೆಲ ಕೂರುತ್ತದೆ.

ಈ ಕ್ರಿಯೆಯನ್ನು ಗಣಿತದ ಹಿಡಿತಕ್ಕೆ ತಂದವರು ಕಾರ್ಲ್ ಟೆರ್ಜಾಗಿ. ೧೮೮೩ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದ ಇವರು ಮೊದಲ ಮಹಾಯುದ್ಧದ ಆಚೀಚಿನ ವರ್ಷಗಳಲ್ಲಿ ಇಸ್ತಾಂಬುಲಿನಲ್ಲಿ ಪಾಠ ಹೇಳುತ್ತ, ಸಿಗಾರಿನ ಖಾಲಿ ಪೆಟ್ಟಿಗೆಗಳಂಥ ಸಾಮಾನುಗಳಿಂದಲೇ ಉಪಕರಣಗಳನ್ನು ಮಾಡಿಕೊಂಡು ಮಣ್ಣನ್ನು ಪರೀಕ್ಷಿಸಿದರು. ಅವರ ಸಿದ್ಧಾಂತ ೧೯೨೩ರಲ್ಲಿಯೂ ಗ್ರಂಥ ೧೯೨೫ರಲ್ಲಿಯೂ ಹೊರಬಂದವು. ಆ ಸಿದ್ಧಾಂತದ ಒಂದು ಫಲಿತಾಂಶವನ್ನು ಮಾತ್ರ ಇಲ್ಲಿ ಹೇಳಿದರೆ ಸಾಕು: ಜೇಡಿಯ ಪದರದ ದಪ್ಪ ಎರಡರಷ್ಟಾದರೆ, ಕೂತು ಮುಗಿಯಲು ಬೇಕಾದ ಕಾಲ ಎರಡರಷ್ಟಾಗುವುದಿಲ್ಲ, ನಾಲ್ಕರಷ್ಟಾಗುತ್ತದೆ. ಎರಡು ಮೀಟರಿನ ಪದರಕ್ಕೆ ಒಂದು ವರ್ಷ ಹಿಡಿದರೆ ಅದೇ ಮಣ್ಣಿನ ಇಪ್ಪತ್ತು ಮೀಟರಿನ ಪದರಕ್ಕೆ ನೂರು ವರ್ಷ ಹಿಡಿಯುತ್ತದೆ. ಕಟ್ಟಿಸಿದವನು ಹೋಗಿರುತ್ತಾನೆ, ಕಟ್ಟಿದವನು ಹೋಗಿರುತ್ತಾನೆ, ಮೊಮ್ಮಗನ ಕಾಲದಲ್ಲಿಯೂ ನೆಲ ತನ್ನ ಲೆಕ್ಕವನ್ನು ಮುಗಿಸಿರುವುದಿಲ್ಲ.

ಈಗ ಪೈಲಿನ ಕಡೆಗೆ ಬರೋಣ. ಭಾರವನ್ನು ಮೆತ್ತನೆಯ ಮೇಲ್ಪದರದಿಂದ ತಪ್ಪಿಸಿ ಕೆಳಕ್ಕೆ ಒಯ್ಯುವುದು ಪೈಲಿನ ಕೆಲಸ ಎಂದೆನಲ್ಲವೆ? ಒಯ್ದ ಭಾರ ಎಲ್ಲಿಗೆ ಹೋಯಿತು? ಅದು ಮಾಯವಾಗಲಿಲ್ಲ. ಘರ್ಷಣೆಯಿಂದ ನಿಂತಿರುವ ಪೈಲುಗಳ ಗುಂಪನ್ನು ಎಂಜಿನಿಯರರು ಒಂದು ಕಲ್ಪಿತ ಹಾಸಿನಂತೆ ಭಾವಿಸುತ್ತಾರೆ. ಕಟ್ಟಡದ ಭಾರವೆಲ್ಲ ಪೈಲುಗಳ ಉದ್ದದ ಸುಮಾರು ಮೂರರಲ್ಲಿ ಎರಡು ಭಾಗದಷ್ಟು ಆಳದಲ್ಲಿ ಹಾಸಿಟ್ಟಂತೆ ಎಣಿಸಿ, ಅಲ್ಲಿಂದ ಕೆಳಗಿನ ಮಣ್ಣು ಎಷ್ಟು ಕೂರುತ್ತದೆ ಎಂದು ಲೆಕ್ಕಹಾಕುತ್ತಾರೆ. ಎಂದರೆ, ಪೈಲು ಜೇಡಿಯ ಸಮಸ್ಯೆಯನ್ನು ಪರಿಹರಿಸುವುದಿಲ್ಲ, ಅದನ್ನು ಆಳಕ್ಕೆ ದಾಟಿಸುತ್ತದೆ. ಆಳದಲ್ಲಿ ಗಟ್ಟಿ ನೆಲವಿದ್ದರೆ ಸರಿ. ಅಲ್ಲಿಯೂ ಜೇಡಿಯೇ ಇದ್ದರೆ ಕಟ್ಟಡ ಕೂತೇ ಕೂರುತ್ತದೆ.

ಇಲ್ಲಿ ಸಾಮಾನ್ಯರು ಮರುಳಾಗುವ ಒಂದು ಎಡೆ ಇದೆ. ಪೈಲು ಹಾಕಿದ ಮೇಲೆ ಒಂದೆರಡು ಪೈಲುಗಳ ಮೇಲೆ ಭಾರ ಹೇರಿ ಪರೀಕ್ಷೆ ಮಾಡುತ್ತಾರೆ. ಕೆಲವು ದಿನಗಳ ಪರೀಕ್ಷೆ. ಪೈಲು ಕೆಲವೇ ಮಿಲಿಮೀಟರು ಇಳಿದು ನಿಲ್ಲುತ್ತದೆ. ಕಾಗದದ ಮೇಲೆ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಆ ಪರೀಕ್ಷೆ ಸುಳ್ಳಲ್ಲ, ಆದರೆ ಅದು ಉತ್ತರ ಹೇಳುವ ಪ್ರಶ್ನೆಯೇ ಬೇರೆ. ಒಂಟಿ ಪೈಲು ತನ್ನ ಸುತ್ತಲಿನ ಸ್ವಲ್ಪ ಮಣ್ಣನ್ನು ಮಾತ್ರ ಒತ್ತುತ್ತದೆ. ನೂರಾರು ಪೈಲುಗಳು ಒಟ್ಟಾಗಿ ನಿಂತಾಗ ಅವುಗಳ ಒತ್ತಡಗಳು ಒಂದರೊಡನೊಂದು ಸೇರಿ ಬಹು ಆಳಕ್ಕೆ ಇಳಿಯುತ್ತವೆ. ನೀರು ಹಿಂಗಲು ವರ್ಷಗಳು ಬೇಕಾದ ಮಣ್ಣನ್ನು ಕೆಲವು ದಿನಗಳ ಪರೀಕ್ಷೆ ಮಾತನಾಡಿಸಲಾರದು. ಒಬ್ಬನ ಬಲವನ್ನು ತೂಗಿ ನೋಡಿ ಇಡೀ ಪರಿಷೆಯ ಭಾರವನ್ನು ಸೇತುವೆಯ ಮೇಲೆ ಬಿಟ್ಟ ಹಾಗೆ.

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದ ಮಿಲೇನಿಯಮ್ ಟವರ್ ಇದಕ್ಕೆ ಇತ್ತೀಚಿನ ನಿದರ್ಶನ. ಐವತ್ತೆಂಟು ಅಂತಸ್ತುಗಳ ಈ ಕಾಂಕ್ರೀಟು ವಸತಿಸೌಧ ೨೦೦೯ರಲ್ಲಿ ಸಿದ್ಧವಾಯಿತು. ಅದರ ಕೆಳಗೆ ಸುಮಾರು ೯೫೦ ಪೈಲುಗಳಿವೆ. ಅವು ೬೦ರಿಂದ ೯೦ ಅಡಿ ಆಳಕ್ಕಿಳಿದು ಗಟ್ಟಿ ಮರಳಿನ ಒಂದು ಪದರದಲ್ಲಿ ನಿಂತಿವೆ. ಹಾಸುಬಂಡೆಯವರೆಗೆ ಹೋಗಿಲ್ಲ. ಆ ಮರಳಿಗೂ ಬಂಡೆಗೂ ನಡುವೆ ಕೊಲ್ಲಿಯ ಪ್ರಾಚೀನ ಜೇಡಿಯ ದಪ್ಪ ಪದರವಿದೆ. ಸೌಧ ತನ್ನ ಆಯುಷ್ಯದುದ್ದಕ್ಕೂ ಕೆಲವೇ ಅಂಗುಲ ಕೂರಬಹುದೆಂಬ ನಿರೀಕ್ಷೆಯಿತ್ತು. ೨೦೧೬ರ ವೇಳೆಗೇ ಅದು ಸುಮಾರು ೧೬ ಅಂಗುಲ ಕೂತು, ಒಂದು ಮಗ್ಗುಲಿಗೆ ವಾಲಿತ್ತು. ಕೋಟಿಗಟ್ಟಲೆ ಕೊಟ್ಟು ಮನೆ ಕೊಂಡವರು ನೆಲದ ಮೇಲೆ ಗೋಲಿಯುರುಳಿಸಿ ವಾಲಿಕೆಯನ್ನು ತೋರಿಸತೊಡಗಿದರು. ಪಕ್ಕದಲ್ಲಿ ಆಳವಾಗಿ ಅಗೆದು ನೀರು ತೆಗೆದವರು ಕಾರಣ ಎಂದು ಒಬ್ಬರು, ಪೈಲುಗಳನ್ನು ಬಂಡೆಗೆ ಮುಟ್ಟಿಸದಿದ್ದುದೇ ಕಾರಣ ಎಂದು ಮತ್ತೊಬ್ಬರು ವಾದಿಸಿದರು. ವ್ಯಾಜ್ಯ ೨೦೨೦ರಲ್ಲಿ ರಾಜಿಯಲ್ಲಿ ಮುಗಿಯಿತು. ಆ ಬಳಿಕ ಎರಡು ಮಗ್ಗುಲುಗಳಲ್ಲಿ ಬಂಡೆಯವರೆಗೆ ಹೊಸ ಪೈಲುಗಳನ್ನು ಇಳಿಸತೊಡಗಿದಾಗ, ಆ ಕೆಲಸದಿಂದಲೇ ಸೌಧ ಇನ್ನಷ್ಟು ಕೂತಿತು. ೨೦೨೧ರಲ್ಲಿ ಕೆಲಸವನ್ನು ಕೆಲಕಾಲ ನಿಲ್ಲಿಸಬೇಕಾಯಿತು. ಕೊನೆಗೆ ಹದಿನೆಂಟು ಪೈಲುಗಳಿಗೆ ಭಾರದ ಒಂದು ಪಾಲನ್ನು ವರ್ಗಾಯಿಸಿ ೨೦೨೩ರಲ್ಲಿ ದುರಸ್ತಿ ಪೂರೈಸಿದರು. ಬಿದ್ದುಹೋಗುವ ಭಯ ಇಲ್ಲಿ ಇರಲಿಲ್ಲವೆಂದು ತಜ್ಞರು ಹೇಳಿದ್ದರು. ಆದರೆ ಕೂತದ್ದರ ಬೆಲೆ ಎಷ್ಟೆಂಬುದು ಮನೆಗಳ ಮಾಲೀಕರಿಗೆ ತಿಳಿಯಿತು.

ಮತ್ತೊಂದು ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಕೂರುವುದೇ ದೋಷವಲ್ಲ, ಒಂದೇ ಸಮನಾಗಿ ಕೂರದಿರುವುದು ದೋಷ. ಇಡೀ ಕಟ್ಟಡ ಒಂದು ಅಡಿ ಕೂತರೂ ಗೋಡೆಯಲ್ಲಿ ಒಂದು ಸೀಳೂ ಬರದಿರಬಹುದು. ಆರು ಮೀಟರು ದೂರದ ಎರಡು ಕಂಬಗಳಲ್ಲಿ ಒಂದು ಮತ್ತೊಂದಕ್ಕಿಂತ ಎರಡು ಸೆಂಟಿಮೀಟರು ಹೆಚ್ಚಾಗಿ ಕೂತರೆ ನಡುವಿನ ಗೋಡೆ ಬಿರಿಯಲು ತೊಡಗುತ್ತದೆ. ಅಂತರದ ಮುನ್ನೂರರಲ್ಲಿ ಒಂದು ಭಾಗ ಎಂಬುದು ಈ ಶಾಸ್ತ್ರದಲ್ಲಿ ರೂಢಿಯಾದ ಎಚ್ಚರಿಕೆಯ ಗೆರೆ. ಕೂಡುಕುಟುಂಬದಲ್ಲಿ ಬಡತನ ಬಂದರೆ ಎಲ್ಲರೂ ಕೂಡಿ ತಾಳಿಕೊಳ್ಳುತ್ತಾರೆ. ಒಬ್ಬನಿಗೆ ಬಂದು ಮತ್ತೊಬ್ಬನಿಗೆ ಬಾರದಿದ್ದಾಗ ಮನೆ ಒಡೆಯುತ್ತದೆ. ಮಣ್ಣಿನ ನ್ಯಾಯವೂ ಇದಕ್ಕಿಂತ ಬೇರೆಯಲ್ಲ.

ಇಷ್ಟರವರೆಗೆ ನಾವು ಕಟ್ಟಡದ ಭಾರದಿಂದ ಮಣ್ಣು ಕೂರುವುದನ್ನು ನೋಡಿದೆವು. ಕಟ್ಟಡದ ಪಾತ್ರವೇ ಇಲ್ಲದೆ ಸುತ್ತಲಿನ ನೆಲ ತಾನಾಗಿ ಇಳಿಯತೊಡಗಿದರೆ ಏನಾಗುತ್ತದೆ? ತಗ್ಗಿನ ಮೇಲೆ ಹೊಸ ಮಣ್ಣು ತುಂಬಿದಾಗ, ಇಲ್ಲವೆ ಅಂತರ್ಜಲವನ್ನು ಎಳೆದು ತೆಗೆದಾಗ ಹೀಗಾಗುತ್ತದೆ. ಪೈಲಿನ ತುದಿ ಆಳದ ಗಟ್ಟಿ ಪದರದಲ್ಲಿ ಊರಿದೆ, ಅದು ಇಳಿಯಲಾರದು. ಮೈಯನ್ನು ತಬ್ಬಿದ ಜೇಡಿ ಮಾತ್ರ ಇಳಿಯುತ್ತಿದೆ. ಆಗ ಘರ್ಷಣೆಯ ದಿಕ್ಕೇ ತಿರುಗುತ್ತದೆ. ನಿನ್ನೆಯವರೆಗೆ ಪೈಲನ್ನು ಎತ್ತಿ ಹಿಡಿದಿದ್ದ ಮಣ್ಣು ಇಂದು ಪೈಲಿಗೆ ಜೋತುಬಿದ್ದು ಅದನ್ನು ಕೆಳಕ್ಕೆಳೆಯುತ್ತದೆ. ಕಟ್ಟಡದ ಭಾರದ ಮೇಲೆ ಮಣ್ಣಿನ ಭಾರವೂ ಸೇರಿಕೊಳ್ಳುತ್ತದೆ. ಗಣಿತದಲ್ಲಿ ಸೊನ್ನೆಗಿಂತ ಕೆಳಗಿನ ಸಂಖ್ಯೆಗೆ ಋಣಸಂಖ್ಯೆ ಎನ್ನುವ ಹಾಗೆ ಇದನ್ನು ಋಣಘರ್ಷಣೆ ಎಂದು ಕರೆಯಬಹುದು. ಕನ್ನಡದಲ್ಲಿ ಋಣ ಎಂದರೆ ಸಾಲವೂ ಹೌದು. ಹೊತ್ತ ಮಣ್ಣು ತನ್ನನ್ನು ಹೊರು ಎಂದು ಕೇಳುವ ಈ ಸ್ಥಿತಿಗೆ ಇದಕ್ಕಿಂತ ಒಪ್ಪುವ ಪದ ನನಗೆ ತೋರುವುದಿಲ್ಲ.

ಈ ಋಣದ ಕಥೆಯನ್ನು ಪೂರ್ತಿಯಾಗಿ ಓದಬೇಕಾದರೆ ಮೆಕ್ಸಿಕೋ ನಗರಕ್ಕೆ ಹೋಗಬೇಕು. ಆಜ್ಟೆಕ್ ಜನರು ೧೩೨೫ರಲ್ಲಿ ಟೆಕ್ಸ್‌ಕೋಕೋ ಎಂಬ ಸರೋವರದ ನಡುಗಡ್ಡೆಯಲ್ಲಿ ತಮ್ಮ ರಾಜಧಾನಿಯನ್ನು ಸ್ಥಾಪಿಸಿದರೆಂದು ಪ್ರತೀತಿ. ೧೫೨೧ರಲ್ಲಿ ಅದನ್ನು ಗೆದ್ದ ಸ್ಪೇನಿನವರು ಅದರ ಮೇಲೆಯೇ ತಮ್ಮ ನಗರವನ್ನು ಕಟ್ಟಿದರು. ಬರಬರುತ್ತ ಸರೋವರದ ನೀರನ್ನು ಹೊರಕ್ಕೆ ಹರಿಸಿದರು. ಉಳಿದದ್ದು ಅದರ ತಳದ ಜೇಡಿ. ಜ್ವಾಲಾಮುಖಿಯ ಬೂದಿಯಿಂದಾದ ಆ ಜೇಡಿ ಲೋಕದ ಅತ್ಯಂತ ಮೆತ್ತನೆಯ ನೆಲಗಳಲ್ಲಿ ಒಂದು. ಕೆಲವೆಡೆ ಒಂದು ಕಿಲೋ ಒಣ ಮಣ್ಣಿಗೆ ಮೂರು, ನಾಲ್ಕು ಕಿಲೋ ನೀರು ಅದರಲ್ಲಿದೆ. ನಗರದ ನಡುಭಾಗದಲ್ಲಿ ಸುಮಾರು ಮೂವತ್ತು ಮೀಟರು ಆಳದವರೆಗೆ ಈ ಜೇಡಿ, ಅದರ ಕೆಳಗೆ ಕೆಲವು ಮೀಟರು ದಪ್ಪದ ಗಟ್ಟಿ ಪದರ, ಅದರ ಕೆಳಗೆ ಮತ್ತೆ ಜೇಡಿ.

ನಗರ ಬೆಳೆಯಿತು, ಬಾಯಾರಿತು. ಕೊಳವೆಬಾವಿಗಳನ್ನು ಕೊರೆದು ಜೇಡಿಯ ಕೆಳಗಿನ ಪದರಗಳಿಂದ ನೀರೆತ್ತಿದರು. ಕೆಳಗಿನ ನೀರಿನ ಒತ್ತಡ ತಗ್ಗಿದಂತೆ ಮೇಲಿನ ಜೇಡಿಯ ನೀರು ಕೆಳಕ್ಕೆ ಹಿಂಗಿತು. ಮೊಸರಿನ ಗಂಟು ಕುಗ್ಗತೊಡಗಿತು. ನಗರ ಕೂರಲು ಈ ಬಾವಿಗಳೇ ಕಾರಣವೆಂದು ನಾಬೋರ್ ಕಾರಿಯೋ ಎಂಬ ಮೆಕ್ಸಿಕನ್ ಎಂಜಿನಿಯರು ೧೯೪೦ರ ದಶಕದ ಕೊನೆಯಲ್ಲಿ ಟೆರ್ಜಾಗಿಯವರ ಸಿದ್ಧಾಂತದ ಬಲದಿಂದ ತೋರಿಸಿಕೊಟ್ಟರು. ಅಷ್ಟು ಹೊತ್ತಿಗೆ ನಡುಭಾಗದ ನೆಲ ಹಲವು ಮೀಟರು ಇಳಿದಿತ್ತು. ಇಪ್ಪತ್ತನೆಯ ಶತಮಾನದಲ್ಲಿ ಕೆಲವೆಡೆ ಅದು ಇಳಿದದ್ದು ಒಟ್ಟು ಒಂಬತ್ತು ಮೀಟರಿಗೂ ಹೆಚ್ಚು, ಎಂದರೆ ಮೂರಂತಸ್ತಿನ ಮನೆಯೊಂದರ ಎತ್ತರ.

ಇಂಥ ನೆಲದಲ್ಲಿ ಪೈಲಿನ ಗತಿಯೇನು? ೧೯೧೦ರಲ್ಲಿ ಅನಾವರಣಗೊಂಡ ಸ್ವಾತಂತ್ರ್ಯ ಸ್ತಂಭವನ್ನು ನೋಡಿ. ಕಟ್ಟುತ್ತಿದ್ದಾಗಲೇ ಅದರ ಒಂದು ಮಗ್ಗುಲು ಕೂತುದರಿಂದ ಬಿಚ್ಚಿ, ಪೈಲುಗಳ ಮೇಲೆ ಮತ್ತೆ ಕಟ್ಟಿದರು. ಸ್ತಂಭ ನಿಂತಿತು, ಸುತ್ತಲಿನ ಬೀದಿ ಇಳಿಯಿತು. ಬೀದಿಯಿಂದ ಸ್ತಂಭದ ಜಗಲಿಗೆ ಹತ್ತಲು ಕಾಲಕ್ರಮದಲ್ಲಿ ಹದಿನಾಲ್ಕು ಮೆಟ್ಟಿಲುಗಳನ್ನು ಹೊಸದಾಗಿ ಸೇರಿಸಬೇಕಾಯಿತು. ನೋಡುವವರಿಗೆ ಸ್ತಂಭವೇ ನೆಲದಿಂದ ಮೇಲೆ ಬೆಳೆದಂತೆ ಕಾಣುತ್ತದೆ. ಪೈಲಿಲ್ಲದ ಕಟ್ಟಡದ ಗತಿ ಇದಕ್ಕೆ ವಿರುದ್ಧ. ೧೯೦೪ರಲ್ಲಿ ಪ್ರಾರಂಭವಾಗಿ ೧೯೩೪ರಲ್ಲಿ ತೆರೆದ ಲಲಿತಕಲೆಗಳ ಅರಮನೆ ತನ್ನ ಅಮೃತಶಿಲೆಯ ಭಾರಕ್ಕೆ ಮೂರು ಮೀಟರಿಗೂ ಹೆಚ್ಚು ನೆಲದೊಳಕ್ಕೆ ಕೂತಿದೆ. ಒಂದೇ ಊರಿನಲ್ಲಿ ಒಂದು ಕಟ್ಟಡ ಮುಳುಗುತ್ತದೆ, ಇನ್ನೊಂದು ಏಳುತ್ತದೆ. ಎರಡರಲ್ಲಿಯೂ ಬಾಗಿಲಿಗೂ ಬೀದಿಗೂ ಹೊಂದಿಕೆ ತಪ್ಪುತ್ತದೆ, ನೀರಿನ ಕೊಳವೆಗಳು ಮುರಿಯುತ್ತವೆ, ಪಕ್ಕದ ಮನೆಯ ಗೋಡೆ ಬಿರಿಯುತ್ತದೆ. ಮುಳುಗುವ ಊರಿನಲ್ಲಿ ಅಲುಗದೆ ನಿಲ್ಲುವುದು ಕೂಡ ಒಂದು ವಿಪತ್ತು ಎಂಬುದು ಮೆಕ್ಸಿಕೋ ನಗರ ಕಲಿಸಿದ ಪಾಠ.

ಈ ಪಾಠವನ್ನು ಅಲ್ಲಿನ ಎಂಜಿನಿಯರರು ಚೆನ್ನಾಗಿ ಕಲಿತರು. ಲಲಿತಕಲೆಗಳ ಅರಮನೆಗೆ ಓರೆಯಾಗಿ ಎದುರಿನಲ್ಲಿಯೇ ೧೯೫೬ರಲ್ಲಿ ನಲವತ್ತನಾಲ್ಕು ಅಂತಸ್ತುಗಳ ಲ್ಯಾಟಿನೋ ಅಮೆರಿಕಾನಾ ಸೌಧ ಎದ್ದಿತು. ಅದರ ಅಡಿಪಾಯದ ಶಿಲ್ಪಿ ಲಿಯೊನಾರ್ಡೊ ಜೀವೇರ್ಟ್. ಅವರು ಎರಡು ಉಪಾಯಗಳನ್ನು ಕೂಡಿಸಿದರು. ಮೊದಲನೆಯದಾಗಿ, ನೆಲವನ್ನು ಸುಮಾರು ಹದಿಮೂರು ಮೀಟರು ಅಗೆದು, ಮಣ್ಣನ್ನು ತೆಗೆದು, ಆ ಜಾಗದಲ್ಲಿ ಪೆಟ್ಟಿಗೆಯಂಥ ನೆಲಮಾಳಿಗೆಯನ್ನು ಕೂರಿಸಿದರು. ತೆಗೆದ ಮಣ್ಣಿನ ತೂಕದಷ್ಟು ಕಟ್ಟಡದ ತೂಕ ನೆಲಕ್ಕೆ ಹೊಸ ಭಾರವಲ್ಲ. ಹಡಗು ತಾನು ಸರಿಸಿದ ನೀರಿನ ಬಲದಿಂದ ತೇಲುವ ಹಾಗೆ ಕಟ್ಟಡವೂ ಒಂದಷ್ಟು ತೇಲುತ್ತದೆ. ಎರಡನೆಯದಾಗಿ, ಉಳಿದ ಭಾರಕ್ಕೆ ೩೬೧ ಪೈಲುಗಳನ್ನು ೩೩ ಮೀಟರು ಆಳದ ಗಟ್ಟಿ ಪದರಕ್ಕೆ ಇಳಿಸಿದರು. ೧೯೫೭ರ ಭೂಕಂಪವನ್ನೂ ೧೯೮೫ರ ಸೆಪ್ಟೆಂಬರ್ ೧೯ರ ಭೀಕರ ಭೂಕಂಪವನ್ನೂ ಸೌಧ ಸಹಿಸಿ ನಿಂತಿತು. ೧೯೮೫ರಲ್ಲಿಯೇ ಪಕ್ಕೆಯ ಘರ್ಷಣೆಯೊಂದನ್ನೇ ನಂಬಿ ನಿಂತಿದ್ದ ಕೆಲವು ಕಟ್ಟಡಗಳು ಗಳಿಗೆಯೊಳಗೆ ಕೂತು ವಾಲಿದವು. ಒಂದು ಕಟ್ಟಡವಂತೂ ಪೈಲುಗಳ ಸಮೇತ ಕಿತ್ತುಕೊಂಡು ಉರುಳಿತು.

ಮತ್ತೊಂದು ಉಪಾಯ ಮಾನ್ಯುಯೆಲ್ ಗೊನ್ಸಾಲೆಸ್ ಫ್ಲೋರೆಸ್ ಎಂಬವರದು. ಇದರಲ್ಲಿ ಪೈಲಿನ ತಲೆಯನ್ನು ಕಟ್ಟಡದ ಹಾಸಿಗೆ ಬಿಗಿಯುವುದಿಲ್ಲ. ಹಾಸಿನಲ್ಲಿ ರಂಧ್ರ ಬಿಟ್ಟು ಪೈಲನ್ನು ಅದರೊಳಗಿಂದ ಮೇಲಕ್ಕೆ ಬರಗೊಡುತ್ತಾರೆ. ಪೈಲಿನ ತಲೆಯ ಮೇಲೆ ಮರದ ತುಂಡುಗಳನ್ನಿಟ್ಟು, ಅವುಗಳ ಮೇಲೆ ಉಕ್ಕಿನ ತೊಲೆಯನ್ನಡ್ಡವಿರಿಸಿ, ಆ ತೊಲೆಯನ್ನು ಹಾಸಿಗೆ ಬೋಲ್ಟುಗಳಿಂದ ಕಟ್ಟುತ್ತಾರೆ. ಭಾರ ಮಿತಿಮೀರಿದಾಗ ಮರ ಜಜ್ಜಿಕೊಂಡು ದಾರಿ ಬಿಡುತ್ತದೆ. ಬೇಕಾದಾಗ ತುಂಡುಗಳನ್ನು ಬದಲಿಸಿ, ಬೋಲ್ಟುಗಳನ್ನು ಸಡಿಲಿಸಿ, ಬೀದಿ ಇಳಿದ ಗತಿಯಲ್ಲಿಯೇ ಕಟ್ಟಡವನ್ನೂ ಇಳಿಸಬಹುದು. ಆದರೆ ಈ ವ್ಯವಸ್ಥೆಗೆ ಪಾಲಕರು ಬೇಕು. ವರ್ಷವರ್ಷವೂ ನೆಲಮಾಳಿಗೆಗೆ ಇಳಿದು ನೋಡುವವರಿಲ್ಲದಿದ್ದರೆ ಜಾಣ್ಮೆಯ ಯಂತ್ರವೂ ಬರಿಯ ಮರದ ತುಂಡಾಗುತ್ತದೆ.

ಆ ನಗರದ ಪ್ರಧಾನ ದೇವಾಲಯದ ಕಥೆ ನನಗೆ ಎಲ್ಲಕ್ಕಿಂತ ಹೆಚ್ಚಿನದಾಗಿ ತೋರುತ್ತದೆ. ೧೫೭೩ರಲ್ಲಿ ತೊಡಗಿ ೧೮೧೩ರಲ್ಲಿ ಮುಗಿದ ಈ ಕಥೀಡ್ರಲ್ಲಿನ ಕಲ್ಲುಹಾಸಿನ ಕೆಳಗೆ ಸಾವಿರಾರು ಮರದ ಗೂಟಗಳಿವೆ. ಆದರೂ ಅದು ಒಂದೇ ಸಮನಾಗಿ ಕೂರಲಿಲ್ಲ. ಏಕೆಂದರೆ ಅದರ ಕೆಲವು ಭಾಗಗಳ ಕೆಳಗೆ ಹಿಂದೆ ಆಜ್ಟೆಕ್ ಜನರ ಕಟ್ಟಡಗಳಿದ್ದವು. ಶತಮಾನಗಳ ಹಿಂದೆ ಆ ಭಾರ ಹೊತ್ತ ಜೇಡಿ ಆಗಲೇ ಬಿಗಿದಿತ್ತು, ಹೊಸ ಭಾರಕ್ಕೆ ಅಷ್ಟಾಗಿ ಬಗ್ಗಲಿಲ್ಲ. ಹೊರದಿದ್ದ ಜೇಡಿ ಬಗ್ಗಿತು. ಜೇಡಿಮಣ್ಣು ತಾನು ಹಿಂದೆ ಹೊತ್ತ ಅತಿ ದೊಡ್ಡ ಭಾರವನ್ನು ನೆನಪಿಟ್ಟುಕೊಂಡಿರುತ್ತದೆ ಎಂದು ಮಣ್ಣಿನ ಶಾಸ್ತ್ರಜ್ಞರು ಹೇಳುವುದುಂಟು. ಇದು ಅಲಂಕಾರವಲ್ಲ, ಪ್ರಯೋಗಶಾಲೆಯಲ್ಲಿ ಅಳೆಯಬಹುದಾದ ಸಂಗತಿ. ಒಡೆದುಹಾಕಿದ ಗುಡಿಗಳ ನೆನಪು ಹೊಸ ಗುಡಿಯ ನೆಲವನ್ನು ಎರಡು ಮೀಟರಿಗೂ ಹೆಚ್ಚು ಏರುಪೇರು ಮಾಡಿತು. ೧೯೯೩ರಿಂದ ಕೆಲವು ವರ್ಷ ದುರಸ್ತಿ ನಡೆಯಿತು. ತಗ್ಗಿದ ಭಾಗವನ್ನು ಎತ್ತಲು ಯಾರೂ ಹೋಗಲಿಲ್ಲ. ಎತ್ತರದಲ್ಲಿ ಉಳಿದ ಭಾಗದ ಕೆಳಗಿನಿಂದ ಸ್ವಲ್ಪಸ್ವಲ್ಪವಾಗಿ ಮಣ್ಣು ತೆಗೆದು ಅದನ್ನೇ ಇಳಿಸಿದರು. ಇದೇ ತತ್ತ್ವವನ್ನು ಅನುಸರಿಸಿ ಕೆಲವು ವರ್ಷಗಳ ಬಳಿಕ ಪೀಸಾದ ವಾಲುಗೋಪುರವನ್ನೂ ಒಂದಿಷ್ಟು ನೆಟ್ಟಗೆ ಮಾಡಿದರು. ಇಂದಿಗೂ ಮೆಕ್ಸಿಕೋದ ಆ ದೇವಾಲಯದ ಗುಮ್ಮಟದಿಂದ ಒಂದು ತೂಗುಗುಂಡು ಇಳಿಬಿದ್ದಿದೆ. ಅದರ ಕೆಳಗಿನ ಗುರುತುಗಳು ಕಟ್ಟಡ ಯಾವ ವರ್ಷ ಎತ್ತ ವಾಲಿತ್ತು ಎಂಬುದನ್ನು ಭಕ್ತರಿಗೂ ಪ್ರವಾಸಿಗರಿಗೂ ಬಚ್ಚಿಡದೆ ತೋರಿಸುತ್ತವೆ.

ಇನ್ನು ನಮ್ಮ ನೆಲ. ಬೆಂಗಳೂರು, ಮೈಸೂರುಗಳ ಕೆಳಗೆ ಬಹುಮಟ್ಟಿಗೆ ಬಂಡೆ ಹತ್ತಿರದಲ್ಲಿಯೇ ಇದೆ. ಮೆಕ್ಸಿಕೋದ ಸ್ಥಿತಿಯನ್ನು ಇಲ್ಲಿಗೆ ಹೊಂದಿಸುವುದು ಸರಿಯಲ್ಲ. ಉತ್ತರ ಕರ್ನಾಟಕದ ಎರೆಮಣ್ಣಿನ ತೊಂದರೆಯೂ ಬೇರೆ. ಅದು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುತ್ತದೆ. ಅದಕ್ಕಾಗಿ ರೂರ್ಕಿಯ ಕಟ್ಟಡ ಸಂಶೋಧನಾ ಸಂಸ್ಥೆಯವರು ಬುಡದಲ್ಲಿ ಗಡ್ಡೆಯಂತೆ ದಪ್ಪಗಾಗುವ ಗಿಡ್ಡ ಪೈಲನ್ನು ರೂಪಿಸಿಕೊಟ್ಟರು. ಆದರೆ ನಮ್ಮ ಕರಾವಳಿಯ ಅಳಿವೆಗಳ ಬದಿಯಲ್ಲಿ ಕಡಲಿನ ಮೆತ್ತನೆಯ ಜೇಡಿ ಉಂಟು. ಕೊಚ್ಚಿ, ಕೊಲ್ಕತ್ತಗಳಲ್ಲಿ ಅದು ಬಹಳ ದಪ್ಪವಾಗಿದೆ. ಕೆರೆಯಂಗಳಗಳನ್ನು ಮುಚ್ಚಿ ಕಟ್ಟುವ ಅಭ್ಯಾಸವೂ ನಮಗೆ ಹೊಸದಲ್ಲ. ಬೆಂಗಳೂರಿನ ಬಸ್ ನಿಲ್ದಾಣ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿದೆ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಅಂಗಳದಲ್ಲಿದೆ. ಹೂಳಿನ ಮೇಲೆ ಮಣ್ಣು ತುಂಬಿ, ಅದು ಕೂರುವುದಕ್ಕೆ ಮೊದಲೇ ಪೈಲು ಇಳಿಸಿದರೆ ಋಣಘರ್ಷಣೆ ಎಲ್ಲಿಯಾದರೂ ತಲೆದೋರಬಹುದು. ಇದಕ್ಕೆ ಪರಿಹಾರಗಳು ಇಲ್ಲದಿಲ್ಲ. ಕಟ್ಟುವ ಮೊದಲೇ ಮಣ್ಣು ಹೇರಿ, ನೀರು ಹೊರಬರಲು ಮರಳಿನ ಕೊಳವೆಗಳನ್ನು ಇಳಿಸಿ, ನೆಲವನ್ನು ಮುಂಚಿತವಾಗಿ ಕೂರಿಸಬಹುದು. ಪೈಲಿನ ಮೇಲ್ಭಾಗಕ್ಕೆ ಡಾಂಬರು ಬಳಿದು ಜೇಡಿಯ ಹಿಡಿತವನ್ನು ಜಾರಿಸಬಹುದು. ಎಳೆತದ ಭಾರವನ್ನೂ ಲೆಕ್ಕಕ್ಕೆ ಸೇರಿಸಿ ಪೈಲನ್ನು ಇನ್ನೂ ಆಳಕ್ಕೆ ಒಯ್ಯಬಹುದು. ಇವೆಲ್ಲಕ್ಕೂ ಹಣ ಬೇಕು, ಅದಕ್ಕಿಂತ ಹೆಚ್ಚಾಗಿ ಕಾಲ ಬೇಕು. ಅವಸರದಲ್ಲಿರುವ ಪಟ್ಟಣ ಕೊಡಲೊಲ್ಲದ ವಸ್ತು ಕಾಲವೇ.

ಆದುದರಿಂದ ‘ಪೈಲಿಂಗ್ ಮಾಡಿದ್ದೇವೆ’ ಎಂಬ ಉತ್ತರ ಬಂದಾಗ ಮನೆ ಕೊಳ್ಳ ಹೊರಟವರು ಇನ್ನು ಮೂರು ಪ್ರಶ್ನೆಗಳನ್ನು ಕೇಳಬೇಕು. ಪೈಲಿನ ತುದಿ ಯಾವ ಪದರದಲ್ಲಿದೆ, ಆ ಪದರದ ಕೆಳಗೆ ಏನಿದೆ? ಸುತ್ತಲಿನ ನೆಲ ಮುಂದೆ ಇಳಿಯುವ ಸಂಭವವಿದೆಯೆ, ಎಂದರೆ ಯಾರಾದರೂ ಮಣ್ಣು ತುಂಬಿದ್ದಾರೆಯೆ, ನೀರೆಳೆಯುತ್ತಿದ್ದಾರೆಯೆ? ಕಟ್ಟಡ ಎಷ್ಟು ಕೂರುತ್ತಿದೆ ಎಂದು ವರ್ಷವರ್ಷವೂ ಅಳೆಯುವವರು ಯಾರು? ಉತ್ತರ ಕೊಡಲು ತೊಡಗಿದ ಎಂಜಿನಿಯರು ಕೋಪಿಸಿಕೊಳ್ಳುವುದಿಲ್ಲ. ಒಳ್ಳೆಯ ಎಂಜಿನಿಯರಿಗೆ ಈ ಪ್ರಶ್ನೆಗಳು ಇಷ್ಟವೇ. ಇವುಗಳಲ್ಲಿ ಎರಡನೆಯದು ಮನೆ ಕೊಳ್ಳುವವನೊಬ್ಬನ ಪ್ರಶ್ನೆಯಲ್ಲ, ಊರಿನ ಪ್ರಶ್ನೆ. ಮೆಕ್ಸಿಕೋ ನಗರದ ನಡುಭಾಗದಲ್ಲಿ ಬಾವಿಗಳನ್ನು ಮುಚ್ಚಿದ ಮೇಲೆ ಅಲ್ಲಿ ಇಳಿತ ನಿಧಾನವಾಯಿತು. ಆದರೆ ಬಾವಿಗಳು ಹೊರವಲಯಕ್ಕೆ ಹೋದವು. ಈಗ ಅಲ್ಲಿ, ಬಡವರ ಮನೆಗಳೇ ಹೆಚ್ಚಾಗಿರುವ ಕಡೆ, ನೆಲ ವರ್ಷಕ್ಕೆ ಅರ್ಧ ಮೀಟರಿನವರೆಗೂ ಇಳಿಯುತ್ತಿದೆ. ಒಬ್ಬನ ಕೊಡದ ನೀರು ಇನ್ನೊಬ್ಬನ ಗೋಡೆಯ ಬಿರುಕಾಗುತ್ತದೆ.

ಅಳತೆಯ ಸಾಧನಗಳು ಇಂದು ಬಹಳ ಮುಂದುವರಿದಿವೆ. ಭೂಮಿಯ ಮೇಲ್ಮೈಯ ಏರಿಳಿತಗಳನ್ನು ಉಪಗ್ರಹಗಳ ರೇಡಾರು ಅಂತರಿಕ್ಷದಿಂದಲೇ ಪತ್ತೆಹಚ್ಚುತ್ತದೆ. ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ಇಸ್ರೋ ಅಮೆರಿಕದ ನಾಸಾದೊಡನೆ ಕೂಡಿ ನಿರ್ಮಿಸಿ ೨೦೨೫ರ ಜುಲೈ ೩೦ರಂದು ಹಾರಿಸಿದ ನಿಸಾರ್ ಉಪಗ್ರಹದ ಕೆಲಸಗಳಲ್ಲಿ ಇದೂ ಒಂದು. ಆದರೆ ಅಳೆದದ್ದನ್ನು ಓದುವ ಮನಸ್ಸು, ಓದಿದ್ದನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆ ಆಕಾಶದಿಂದ ಇಳಿದುಬರುವುದಿಲ್ಲ. ಗುಮ್ಮಟದಿಂದ ತೂಗುಗುಂಡನ್ನು ಇಳಿಬಿಟ್ಟು ತನ್ನ ವಾಲಿಕೆಯನ್ನು ತಾನೇ ಬಹಿರಂಗವಾಗಿ ಬರೆದಿಟ್ಟುಕೊಂಡ ಆ ದೇವಾಲಯದ ಮಾದರಿ ನಮ್ಮ ಕಟ್ಟಡಗಳಿಗೂ ನಮ್ಮ ಪುರಸಭೆಗಳಿಗೂ ಬೇಕಾಗಿದೆ. ಕೂರದ ನೆಲವಿಲ್ಲ. ಎಷ್ಟು ಕೂರುತ್ತದೆ, ಎಷ್ಟು ಕಾಲ ಕೂರುತ್ತದೆ, ಎಲ್ಲರೊಡನೆ ಸಮನಾಗಿ ಕೂರುತ್ತದೆಯೆ ಎಂಬುದನ್ನು ಬಲ್ಲವನೇ ಅದರ ಮೇಲೆ ನೆಮ್ಮದಿಯಿಂದ ಬಾಳಬಲ್ಲನು.